ಒಂದೇ ಮುಹೂರ್ತದ ನಾಲ್ವರು

“ಪಾಲಿಸಿ ಎಲ್ಲ ನಮಗೆ ಬೇಡ ಅಕ್ಕ” ಎಂಬ ಮಾತು ಸ್ವರ್ಣಲತಾಳ ಕಿವಿಯ ಸುತ್ತ ಸೊಳ್ಳೆಯ ಹಾಗೆ ತಿರುಗುತ್ತಿತ್ತು. ಓಡಿಸಿದರೆ ಹೋಗುತ್ತಿತ್ತು, ಸ್ವಲ್ಪ ನಡೆದರೆ ಮತ್ತೆ ಬರುತ್ತಿತ್ತು. ಅದೂ ಎಲ್ಲಿ, ಕಟಪಾಡಿಯ ಬೇಕರಿಯ ಮುಂದೆ, ಊರಿನವರೆಲ್ಲ ಬಸ್ಸಿಗೆ ಕಾಯುವ ಜಾಗದಲ್ಲಿ. ಅವಳು ಮಾಡಿದ ತಪ್ಪಾದರೂ ಎಂತದ್ದು? ಎದುರಿಗೆ ಲೊರ್ನಾ ಬಂದಳು, ಇವಳು ನಕ್ಕಳು. ಕಾಪುವಿನಲ್ಲಿ ಎಲ್ಲರೂ ಗೌರವದಿಂದ ಪೊರ್ಬುಗಳು ಎನ್ನುವ ಸಿಪ್ರಿಯನ್ನರ ಮಗಳು ಲೊರ್ನಾ, ಡೆನಿಸನನ್ನು ಮದುವೆಯಾಗಿ ಕುವೈಟಿಗೆ ಹೋದವಳು. ಈಗ ಸ್ವಲ್ಪ ದಪ್ಪವಾಗಿದ್ದಾಳೆ, ಕೂದಲಿಗೆ ಬಣ್ಣ ಬಂದಿದೆ, ಆದರೆ ಎಡ ಹುಬ್ಬಿನ ಮೇಲಿನ ಮಚ್ಚೆ ಎಲ್ಲಿಗೆ ಹೋಗುತ್ತದೆ? “ಲೊರ್ನಾ ಅಲ್ವಾ? ಅಪ್ಪ ಹೇಗಿದ್ದಾರೆ? ಮಲ್ಲಿಗೆ ಗಿಡ ಇನ್ನೂ ಉಂಟಾ?” ಎಂದು ಸ್ವಂತ ತಂಗಿಯನ್ನು ಕೇಳಿದ ಹಾಗೆ ಕೇಳಿಬಿಟ್ಟಳು. ಲೊರ್ನಾ ಒಂದು ಹೆಜ್ಜೆ ಹಿಂದೆ ಹೋಗಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಮುಂಗೈಯಿಂದ ಮೂಗು ಉಜ್ಜಿದಳು. “ನೀವು ಯಾರೂಂತ ಗೊತ್ತಾಗ್ಲಿಲ್ಲ” ಎಂದಳು, ಆಮೇಲೆ ಇವಳು ವಿಮೆ ಮಾರಲು ಬಂದವಳೋ ಎಂಬ ಹಾಗೆ ಆ ಪಾಲಿಸಿಯ ಮಾತು ಹೇಳಿ, ಬಂದ ಆಟೋಕ್ಕೆ ಕೈ ಮಾಡಿ ಹತ್ತಿಯೇ ಹೋದಳು. ಬೇಕರಿಯವನು ಬ್ರೆಡ್ ಕಟ್ಟುತ್ತ ಮುಖ ಆಚೆ ತಿರುಗಿಸಿಕೊಂಡ; ಅವನಿಗೆ ನಗು ಬಂದಿತ್ತು ಎಂದು ಅವನ ಬೆನ್ನು ನೋಡಿಯೇ ಇವಳಿಗೆ ತಿಳಿಯಿತು.

ಅವಳಿಗೆ ಇದು ಹೊಸತೇನಲ್ಲ. ಉಡುಪಿಯ ರಥಬೀದಿಯಲ್ಲಿ, ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ, ಮಣಿಪಾಲದ ಆಸ್ಪತ್ರೆಯ ಲಿಫ್ಟಿನಲ್ಲಿ ಕೂಡ ಹೀಗೆಯೇ ಆಗುತ್ತದೆ. ಅವಳಿಗೆ ಎಲ್ಲರೂ ಗೊತ್ತು, ಅವಳು ಯಾರಿಗೂ ಗೊತ್ತಿಲ್ಲ. ಗಂಡ ಸುಂದರನು ಕ್ಯಾಮೆರಾ ಹಿಡಿದು ಮದುವೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಅವಳು ಅವನ ಪಕ್ಕದಲ್ಲಿ ದೊಡ್ಡ ಲೈಟು ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಲೈಟಿನ ಹಿಂದೆ ನಿಂತವರ ಮುಖ ಯಾರಿಗೂ ಕಾಣುವುದಿಲ್ಲ. ಆಮೇಲೆ ಮನೆಗೆ ಬಂದು ಎರಡು ವಿಸಿಆರ್‌ಗಳ ನಡುವೆ ಕುಳಿತು, ಹಿಂದೆ ಮುಂದೆ ಓಡಿಸಿ, ಬೇಡದ್ದನ್ನು ಕತ್ತರಿಸಿ ಕ್ಯಾಸೆಟ್ಟು ಮಾಡುತ್ತಿದ್ದವಳೂ ಅವಳೇ. ಹಾಗೆ ಓಡಿಸಿ ಓಡಿಸಿ ಮದುಮಗಳ ಅತ್ತೆ ಯಾವಾಗ ಮುಖ ಸಿಂಡರಿಸಿದಳು, ಭಾವ ಯಾವ ಎಲೆಯಿಂದ ಹೋಳಿಗೆ ಎತ್ತಿ ಪಕ್ಕದ ಎಲೆಗೆ ದಾಟಿಸಿದ, ಧಾರೆಯ ಹೊತ್ತಿಗೆ ಅಪ್ಪನ ಗಂಟಲು ಹೇಗೆ ಏರಿ ಇಳಿಯಿತು, ಎಲ್ಲ ಅವಳೊಳಗೆ ಸೇರಿಕೊಂಡಿತ್ತು. ಲೊರ್ನಾ ಅಳುವ ಮೊದಲು ಮುಂಗೈಯಿಂದ ಮೂಗು ಉಜ್ಜುತ್ತಾಳೆ ಎನ್ನುವುದು ಹೆತ್ತ ತಾಯಿಗೂ ಗೊತ್ತಿತ್ತೋ ಇಲ್ಲವೋ, ಸ್ವರ್ಣಲತಾಳಿಗೆ ಗೊತ್ತಿತ್ತು. ಈಗ ಅದನ್ನು ಕಣ್ಣಾರೆ ಕಂಡರೂ ಮನಸ್ಸಿಗೆ ಹತ್ತಲಿಲ್ಲ. ಅವಮಾನ ಆದ ಹೊತ್ತಿನಲ್ಲಿ ಮನುಷ್ಯನಿಗೆ ತನ್ನ ಮುಖ ಬಿಟ್ಟು ಬೇರೆ ಮುಖ ಎಲ್ಲಿ ಕಾಣುತ್ತದೆ?

ಮೆಟ್ಟಿಲು ಹತ್ತಿ ಹೋದರೆ ತಮ್ಮ ವಿಡಿಯೋ ಸ್ಟುಡಿಯೋದಲ್ಲಿ ಮಣಿಪಾಲದ ಜೋಯ್‌ಸ್ಟನ್ ಆಗಲೇ ಬಂದು, ಸ್ಕ್ರೂಡ್ರೈವರಿನ ಚೀಲ ಪಕ್ಕಕ್ಕಿಟ್ಟು, ಗೋಳಿಬಜೆ ತಿನ್ನುತ್ತ ಕುಳಿತಿದ್ದ. ಕಂಪ್ಯೂಟರು ರಿಪೇರಿ ಮಾಡಿ ಮಾಡಿ ತಲೆಯ ನಡುಭಾಗ ಬೋಳಾದ ಮನುಷ್ಯ, ತಿನ್ನದೆ ಕೆಲಸಕ್ಕೆ ಕೈ ಹಚ್ಚುವವನಲ್ಲ. ಸುಂದರ ಎದುರಿಗೆ ನಿಂತಿದ್ದ, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಇಬ್ಬರ ನಡುವೆ ಮೇಜಿನ ಮೇಲೆ ಆ ಕಪ್ಪು ಪೆಟ್ಟಿಗೆ ಇತ್ತು. ಅದರ ಹೊಟ್ಟೆಯಲ್ಲಿ ನಾಲ್ಕು ಹಾರ್ಡ್ ಡಿಸ್ಕುಗಳು ಸಾಲಾಗಿ ಕೂತಿವೆ. ಅದಕ್ಕೆ ರೇಡ್ ಎನ್ನುತ್ತಾರೆ. ನಾಲ್ಕೂ ಒಂದನ್ನೊಂದು ಕೈಹಿಡಿದುಕೊಂಡು ಇರುತ್ತವೆ, ಒಂದು ಬಿದ್ದರೆ ಉಳಿದ ಮೂರು ಸೇರಿ ಅದರ ಪಾಲನ್ನೂ ನೆನಪಿಟ್ಟುಕೊಳ್ಳುತ್ತವೆ. ಉಡುಪಿ, ಕಾಪು, ಕಾರ್ಕಳಗಳ ಒಂದು ತಲೆಮಾರಿನ ಮದುವೆಗಳೆಲ್ಲ ಆ ಪೆಟ್ಟಿಗೆಯೊಳಗೆ. ಬೇರೆ ಎಲ್ಲಿಯೂ ಇಲ್ಲ. ಹಳೆಯ ಕ್ಯಾಸೆಟ್ಟುಗಳಿಗೆ ಕಡಲ ಗಾಳಿಗೆ ಬೂಸಲು ಬಂತೆಂದು ಎಲ್ಲವನ್ನೂ ಈ ಪೆಟ್ಟಿಗೆಗೆ ಇಳಿಸಿದ ಮೇಲೆ, ರೀಲುಗಳನ್ನು ಎರ್ಮಾಳಿನಲ್ಲಿರುವ ಅವಳ ಅಣ್ಣ ಭುಜಂಗ ಗೋಣಿಯಲ್ಲಿ ತುಂಬಿಕೊಂಡು ಹೋಗಿದ್ದ, ಗದ್ದೆಗೆ ಬರುವ ಗಿಳಿಗಳನ್ನು ಓಡಿಸಲಿಕ್ಕೆ. ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದ ಆ ಕಪ್ಪು ಪಟ್ಟಿಗಳು ಗಾಳಿಗೆ ಝುಂಯ್ ಎನ್ನುತ್ತಿದ್ದವು, ಬಿಸಿಲಿಗೆ ಹೊಳೆಯುತ್ತಿದ್ದವು. ಗಿಳಿಗಳು ಮೊದಲ ಬೆಳೆಗೆ ಹೆದರಿದವು, ಎರಡನೆಯ ಬೆಳೆಗೆ ಅದರ ಮೇಲೆಯೇ ಕುಳಿತು ತೆನೆ ತಿಂದವು. ಅವಳು ಒಮ್ಮೆ ಅಲ್ಲಿಗೆ ಹೋದಾಗ ಗದ್ದೆಯ ಅಂಚಿನ ಹುಣಿಯಲ್ಲಿ ನಿಂತು ಕೇಳಿದ್ದಳು. ಎಷ್ಟು ಮಂದಿಯ ಓಲಗ, ಎಷ್ಟು ಮಂದಿಯ ಮಂತ್ರ, ಎಲ್ಲ ಸೇರಿ ಒಂದೇ ಝುಂಯ್.

“ಸ್ವರ್ಣಕ್ಕ, ಕೂತ್ಕೊಳ್ಳಿ” ಎಂದ ಜೋಯ್‌ಸ್ಟನ್. “ಸುಂದರಣ್ಣನಿಗೆ ಹೇಳಿ ಹೇಳಿ ಸಾಕಾಯ್ತು, ನಿಮಗೊಮ್ಮೆ ಹೇಳ್ತೇನೆ. ಪ್ರತಿ ಡಿಸ್ಕಿನೊಳಗೆ ಅದಕ್ಕೆ ಬುದ್ಧಿ ಹೇಳ್ಲಿಕ್ಕೆ ಒಂದು ಸಣ್ಣ ಬರಹ ಇರ್ತದೆ. ಫರ್ಮ್‌ವೇರ್ ಅಂತ. ನಿಮ್ಮ ಡಿಸ್ಕಿನ ಕಂಪೆನಿಯವರು ಅದರಲ್ಲಿ ಒಂದು ಲೆಕ್ಕ ತಪ್ಪು ಮಾಡಿದ್ದಾರೆ. ಇಂತಿಷ್ಟು ಗಂಟೆ ತಿರುಗಿದ ಮೇಲೆ ಡಿಸ್ಕು ಮಾತಾಡುವುದಿಲ್ಲ. ಸಾಯುವುದು ಅಂತಲೂ ಅಲ್ಲ, ಸಿಟ್ಟು ಬಂದವರ ಹಾಗೆ ಬಾಯಿ ಮುಚ್ಚಿ ಕೂರ್ತದೆ. ಮತ್ತೆ ಎಂತ ಮಾಡಿದ್ರೂ ಬಾಯಿ ಬಿಡುವುದಿಲ್ಲ. ನಿಮ್ಮದಕ್ಕೆ ಇನ್ನು ಕೆಲವೇ ಗಂಟೆ ಬಾಕಿ.”

“ಒಂದು ಹೋದ್ರೆ ಮೂರು ಉಂಟಲ್ಲ?” ಎಂದಳು ಸ್ವರ್ಣಲತಾ.

“ಅಲ್ಲೇ ಇರುವುದು ಮಜಾ. ನಾಲ್ಕರ ಗಂಟೆಯೂ ಸರೀ ಒಂದೇ ಉಂಟು. ಒಂದು ನಿಮಿಷ ಆಚೆ ಈಚೆ ಇಲ್ಲ. ನಾನು ಇಷ್ಟು ವರ್ಷ ಇಂಥದ್ದು ನೋಡ್ಲಿಲ್ಲ. ಬೇರೆಯವರು ಇವತ್ತು ಎರಡು ತಗೊಳ್ತಾರೆ, ಆಮೇಲೆ ಇನ್ನೊಂದು ಸೇರಿಸ್ತಾರೆ. ನಿಮ್ಮದು ಮಾತ್ರ ಒಂದೇ ಹೆರಿಗೆಯ ನಾಲ್ಕು ಮಕ್ಕಳು.”

ಸ್ವರ್ಣಲತಾ ಗಂಡನ ಮುಖ ನೋಡಿದಳು. ಗಂಡ ಕಿಟಕಿ ನೋಡಿದ. ಉಚ್ಚಿಲದ ಜೋಯಿಸರ ಹತ್ತಿರ ಹೋಗಿ, ಡಿಸ್ಕುಗಳಿಗೆ ಮುಹೂರ್ತ ಕೇಳಿಕೊಂಡು ಬಂದವನು ಅವನೇ. ಒಂದೊಂದಾಗಿ ಹಾಕಿದರೆ ಒಂದಕ್ಕೆ ಒಳ್ಳೆಯ ಗಳಿಗೆ, ಇನ್ನೊಂದಕ್ಕೆ ರಾಹುಕಾಲ ಆದೀತೆಂದು, ನಾಲ್ಕನ್ನೂ ಒಟ್ಟಿಗೆ ತಂದು, ಒಟ್ಟಿಗೆ ಕೂರಿಸಿ, ತೆಂಗಿನಕಾಯಿ ಒಡೆದ ಸದ್ದಿಗೂ ಸ್ವಿಚ್ಚು ಒತ್ತಿದ ಸದ್ದಿಗೂ ನಡುವೆ ಒಂದು ಉಸಿರು ಬಾರದ ಹಾಗೆ ಶುರು ಮಾಡಿದ್ದ. ಆ ದಿನ ಪಾಯಸ ಕೂಡ ಇತ್ತು.

“ಒಳ್ಳೆ ಮುಹೂರ್ತ ನೋಡಿದ್ದು ತಪ್ಪಾ ಮಾರಾಯ?” ಎಂದ ಸುಂದರ, ಗುಂಡಿ ಬಿಚ್ಚಿ ಹಾಕಿಕೊಳ್ಳುತ್ತ.

“ತಪ್ಪಲ್ಲ ಸುಂದರಣ್ಣ. ಆದ್ರೆ ಒಟ್ಟಿಗೆ ಹುಟ್ಟಿಸಿದ್ದೀರಿ, ಈಗ ಒಟ್ಟಿಗೇ ಹೊರಟಿದ್ದಾವೆ.”

ಕೆಲಸ ಹೀಗೆ, ಎಂದು ಅವನು ವಿವರಿಸಿದ. ಹೊಸ ಬರಹ ತುಂಬುವಾಗ ಕೈಕೊಟ್ಟರೂ ಉಳಿಯಲಿ ಎಂದು ಮೊದಲು ಎಷ್ಟು ಆಗುತ್ತದೋ ಅಷ್ಟನ್ನು ಬೇರೆ ಡಿಸ್ಕಿಗೆ ನಕಲು ಮಾಡಬೇಕು. ಆಮೇಲೆ ಪೆಟ್ಟಿಗೆ ಆಫ್ ಮಾಡಿ, ಒಂದೇ ಒಂದು ಡಿಸ್ಕು ತೆಗೆದು, ತನ್ನ ಲ್ಯಾಪ್‌ಟಾಪಿಗೆ ಕಟ್ಟಿ, ಹೊಸ ಬರಹ ತುಂಬಿ, ಅದೇ ಖಾನೆಗೆ ವಾಪಸ್ ಹಾಕಿ, ಪೆಟ್ಟಿಗೆ ಆನ್ ಮಾಡಿ ನಾಲ್ಕೂ ಹಸಿರು ದೀಪ ಬಂತಾ ನೋಡಬೇಕು. ಬಂದರೆ ಮಾತ್ರ ಮುಂದಿನದು. ಅವಸರ ಮಾಡಿ ಎರಡನ್ನು ಒಟ್ಟಿಗೆ ತೆಗೆದರೆ, ಎರಡೂ ಕೆಟ್ಟರೆ, ಆಮೇಲೆ ದೇವರೂ ಇಲ್ಲ. ಆದರೆ ತೊಂದರೆ ಎಂತ ಎಂದರೆ ಬಾಕಿ ಇರುವ ಗಂಟೆಗಳಲ್ಲಿ ಪೆಟ್ಟಿಗೆಯ ಅರ್ಧದಷ್ಟು ಮಾತ್ರ ನಕಲು ಆದೀತು. ಆಫ್ ಮಾಡಿ ಇಟ್ಟರೆ ಗಂಟೆ ಉಳಿಯುತ್ತದೆ, ಆದರೆ ಆಫ್ ಮಾಡಿದ ಪೆಟ್ಟಿಗೆಯಿಂದ ನಕಲು ತೆಗೆಯಲು ಬರುವುದಿಲ್ಲ. “ಯಾವುದು ಮೊದಲು ಅಂತ ನೀವು ಹೇಳಿ ಸ್ವರ್ಣಕ್ಕ. ಒಳಗೆ ಎಂತ ಉಂಟೂಂತ ಗೊತ್ತಿರುವುದು ನಿಮಗೊಬ್ಬರಿಗೆ.”

ಹೀಗೆ ಅವಳು ಪರದೆಯ ಮುಂದೆ ಕುಳಿತಳು. ಮದುವೆಗಳ ಹೆಸರುಗಳು ಮೇಲಿನಿಂದ ಕೆಳಗೆ ಸಾಲಾಗಿ ಇದ್ದವು, ಊಟದ ಪಂಕ್ತಿಯ ಹಾಗೆ. ಯಾರಿಗೆ ಬಡಿಸುವುದು, ಯಾರನ್ನು ಬಿಡುವುದು? ಮೊದಲು ಸತ್ತವರು ಇರುವ ಮದುವೆಗಳನ್ನು ಆರಿಸಿದಳು; ಬದುಕಿದವರು ಬೇಕಾದರೆ ಕನ್ನಡಿ ನೋಡಿಕೊಳ್ಳಲಿ. ಆಮೇಲೆ ಮನೆಗೆ ಬೆಂಕಿ ಬಿದ್ದು ಒಂದು ಫೋಟೋ ಕೂಡ ಉಳಿಯದ ಕಾರ್ಕಳದ ಸಂಸಾರ. ಆಮೇಲೆ ಚೆಂಡೆಯವನು ನಿದ್ದೆ ತೂಗುತ್ತಲೇ ತಾಳ ತಪ್ಪದೆ ಬಾರಿಸಿದ ಒಂದು ಮದುವೆ, ಅದು ಮದುಮಕ್ಕಳಿಗಾಗಿ ಅಲ್ಲ, ಚೆಂಡೆಯವನಿಗಾಗಿ. ಜಗಳವಾಗಿ ಬಿಟ್ಟುಹೋದ ಜೋಡಿಗಳ ಮುಂದೆ ಬೆರಳು ನಿಲ್ಲುತ್ತಿತ್ತು. ಅವರಿಗೆ ಬೇಡದಿರಬಹುದು, ಆದರೆ ಆ ದಿನ ಹಾಡಿದ ಅಜ್ಜಿಗೆ ಬೇಕಲ್ಲ? ಅಜ್ಜಿ ಈಗ ಎಲ್ಲಿದ್ದಾಳೆ ಬೇಕೆನ್ನಲಿಕ್ಕೆ? ಆದರೂ ಹಾಕಿದಳು. ಅವಳಿಗೆ ಖುಷಿಯೇ ಆಗುತ್ತಿತ್ತು. ಬೆಳಗಿನಿಂದ ಯಾರೂ ಗುರುತು ಹಿಡಿಯದ ಹೆಂಗಸು ಈಗ ಊರಿಗೆ ಊರನ್ನೇ ದೋಣಿ ಹತ್ತಿಸುತ್ತಿದ್ದಾಳೆ. ಹೀಗೆ ಬರುತ್ತ ಬರುತ್ತ ಬೆರಳು ‘ಲೊರ್ನಾ ಡೆನಿಸ್, ಕಾಪು’ ಎಂಬ ಹೆಸರಿನ ಮೇಲೆ ಬಂತು. ಕಿವಿಯ ಹತ್ತಿರ ಸೊಳ್ಳೆ ಬಂತು. ಪಾಲಿಸಿ ಬೇಡವಾ? ಬೇಡದಿದ್ದರೆ ಬೇಡ. ಬೆರಳು ಕೆಳಗಿನ ಹೆಸರಿಗೆ ಜಾರಿತು.

ಜಾರಿದ್ದು ಎಷ್ಟು ಹಗುರವಾಗಿ ಎಂದರೆ ಅವಳಿಗೇ ಆಶ್ಚರ್ಯವಾಯಿತು. ಎದ್ದು ನೀರು ಕುಡಿದಳು. ವಾಪಸ್ ಬಂದು ಅದನ್ನೂ ಸೇರಿಸುವಾ ಅಂದುಕೊಂಡಳು, ಆದರೆ ಕುಳಿತ ಮೇಲೆ ಬೇರೆ ಹೆಸರುಗಳು ಬಂದವು. ಆ ಮದುವೆಯ ಹಿಂದಿನ ದಿನದ ರೋಸ್ ಅವಳಿಗೆ ಚೆನ್ನಾಗಿ ನೆನಪಿತ್ತು. ಮದುವೆಯ ಮುನ್ನಾದಿನ ಕ್ರಿಶ್ಚನರ ಮನೆಗಳಲ್ಲಿ ಮಗಳ ತಲೆಗೆ ತೆಂಗಿನ ಹಾಲು ಹಾಕಿ ಹರಸುವ ಶಾಸ್ತ್ರ. ಸಿಪ್ರಿಯನ್ ಪೊರ್ಬುಗಳು ಅಂಗಳದ ಚಪ್ಪರದ ಕೆಳಗೆ, ಮಲ್ಲಿಗೆ ಕಟ್ಟಿ ಕಟ್ಟಿ ಹಸಿರಾದ ಬೆರಳುಗಳಲ್ಲಿ ಬಟ್ಟಲು ಎತ್ತಿದ್ದರು. ಹೋಗುವಾಗ ಅವಳಿಗೊಂದು ಚೆಂಡು ಮಲ್ಲಿಗೆ ಕೊಟ್ಟಿದ್ದರು. ಆ ಮಲ್ಲಿಗೆ ಮರುದಿನವೂ ಘಮಘಮ ಎನ್ನುತ್ತಿತ್ತು. ಅವಳು ತಲೆ ಕೊಡವಿದಳು. ಅಷ್ಟು ಹೊತ್ತಿಗೆ ಜೋಯ್‌ಸ್ಟನ್ “ಸಾಕು ಸ್ವರ್ಣಕ್ಕ, ಇನ್ನು ಗಂಟೆ ಉಳಿಸ್ಕೊಳ್ಬೇಕು” ಎಂದ. ನಕಲು ಆದ ಮದುವೆಗಳಲ್ಲಿ ಅಲ್ಲೊಂದು ಇಲ್ಲೊಂದು ತೆಗೆದು, ಓಡಿಸಿ ನೋಡಿ, ಸರಿ ಉಂಟು ಎಂದು ಖಾತ್ರಿ ಮಾಡಿಕೊಂಡು ಪೆಟ್ಟಿಗೆಯ ಸ್ವಿಚ್ಚು ಆರಿಸಿದ. ಫ್ಯಾನಿನ ಗುಂಯ್ ನಿಂತಿತು. ಆ ಸದ್ದು ಅಷ್ಟು ವರ್ಷ ಆ ಕೋಣೆಯಲ್ಲಿ ಇತ್ತೆನ್ನುವುದು ಅದು ನಿಂತಾಗ ಗೊತ್ತಾಯಿತು.

ಮೊದಲನೆಯ ಡಿಸ್ಕು ಸಲೀಸಾಗಿ ಆಯಿತು. ಸುಂದರ ಅಷ್ಟರಲ್ಲಿ ಲೈನ್‌ಮ್ಯಾನಿಗೆ ಫೋನು ಮಾಡಿ, “ಇವತ್ತೊಂದು ದಿನ ಕರೆಂಟು ತೆಗಿಬೇಡ ಮಾರಾಯ, ನಿನ್ನ ಮದುವೆಯೂ ಇದರಲ್ಲೇ ಉಂಟು” ಎಂದು ಬೆದರಿಸಿ ಇಟ್ಟಿದ್ದ. ವಾಪಸ್ ಹಾಕಿ ಆನ್ ಮಾಡಿದಾಗ ನಾಲ್ಕು ಹಸಿರು ದೀಪ ಒಂದರ ಹಿಂದೆ ಒಂದು ಹತ್ತಿದವು. ಎರಡನೆಯದೂ ಹಾಗೆಯೇ. ಮೂರನೆಯದನ್ನು ತೆಗೆದು ಲ್ಯಾಪ್‌ಟಾಪಿಗೆ ಕಟ್ಟಿ, ಹೊಸ ಬರಹ ತುಂಬಿಸಲು ಶುರು ಮಾಡಿದ್ದೇ ತಡ, ಬಾಗಿಲು ತಳ್ಳಿಕೊಂಡು ಏದುಸಿರು ಬಿಡುತ್ತ ಒಬ್ಬಳು ಒಳಗೆ ಬಂದಳು.

“ಸುಂದರ ವಿಡಿಯೋ ಇದೇ ಅಲ್ವಾ? ಬೆಳಗಿನಿಂದ ಹುಡುಕ್ತಾ ಇದ್ದೇನೆ. ಹಳೇ ಅಂಗಡಿ ಇದ್ದಲ್ಲಿ ಹೈವೇ ಉಂಟು. ಇಲ್ಲಿ ಬೋರ್ಡ್ ನೋಡಿದ್ರೆ ಹೆಸರು ಬದಲಾಗಿ ಎಸ್ಸೆಸ್ಸೋ ಎಂತದ್ದೋ. ಕೊನೆಗೆ ಬೇಕರಿಯವರು—”

ಲೊರ್ನಾ ಮಾತು ನಿಲ್ಲಿಸಿದಳು. ಸ್ವರ್ಣಲತಾಳನ್ನು ನೋಡಿದಳು. ಬೆಳಗಿನ ಪಾಲಿಸಿ ಇಬ್ಬರ ನಡುವೆ ಬಂದು ನಿಂತಿತು. ಆಟೋದಲ್ಲಿ ಊರೆಲ್ಲ ತಿರುಗಿ ಹುಡುಕಿದ ಅಂಗಡಿಯ ಹೆಂಗಸು ಬೆಳಿಗ್ಗೆಯೇ ಎದುರು ನಿಂತು ನಕ್ಕಿದ್ದಳು ಎಂದು ಅವಳಿಗೆ ಈಗ ತಿಳಿಯಿತು. “ಅಯ್ಯೋ ಅಕ್ಕಾ” ಎಂದಳು. “ನೀವು ಅಪ್ಪನ ಸುದ್ದಿ ಎತ್ತಿದ್ರಲ್ಲ, ನನಗೆ ಅಲ್ಲೇ ಅಳು ಬಂತು. ರಸ್ತೆಯಲ್ಲಿ ಹೇಗೆ ಅಳುವುದು? ಬಾಯಿಗೆ ಬಂದದ್ದು ಹೇಳಿ ಓಡಿದೆ. ಅಪ್ಪ ಹೋಗಿ ಇನ್ನೂ ತಿಂಗಳಾಗ್ಲಿಲ್ಲ.”

ತಿಂಗಳ ಪೂಜೆಗೆ ಮನೆಮಂದಿ ಎಲ್ಲ ಸೇರುತ್ತಾರೆ. ಅಪ್ಪ ಕೆಮ್ಮದೆ, ಮಲಗದೆ, ನೆಟ್ಟಗೆ ನಿಂತು ನಗುವುದನ್ನು ಮಕ್ಕಳಿಗೆ ಒಮ್ಮೆ ತೋರಿಸಬೇಕು. ಮದುವೆಯ ಕ್ಯಾಸೆಟ್ಟು ಕುವೈಟಿನಲ್ಲಿ ಮನೆ ಬದಲಿಸುವಾಗ ಎಲ್ಲೋ ಹೋಯಿತು. ಇಷ್ಟನ್ನು ಲೊರ್ನಾ ನಿಂತಲ್ಲೇ ಹೇಳಿದಳು.

“ಅಷ್ಟೇ ಅಲ್ವಾ?” ಎಂದ ಸುಂದರ, ಬೆಳಗಿನಿಂದ ಮೊದಲ ಬಾರಿಗೆ ಎದೆ ಸೆಟೆಸಿ. “ಪೆಟ್ಟಿಗೆ ಈಗ ಬಿಚ್ಚಿ ಉಂಟು, ಆದ್ರೆ ನಕಲು ಉಂಟಲ್ಲ. ಸ್ವರ್ಣ, ತೆಗೆದು ತೋರ್ಸು.”

ಸ್ವರ್ಣಲತಾ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು, ಎತ್ತಿದಳು, ಮತ್ತೆ ಇಟ್ಟಳು. “ಅದು ಹಾಕ್ಲಿಲ್ಲ.”

“ಯಾಕೆ?”

“ಮರೆತುಹೋಯ್ತು.”

“ನೀನು? ಮರೆತದ್ದು?” ಗಂಡ ಅವಳ ಹಣೆ ಮುಟ್ಟಿ ನೋಡುವವನ ಹಾಗೆ ಹತ್ತಿರ ಬಂದ. “ಇವಳು ನಾನು ಹೆಣ್ಣು ನೋಡ್ಲಿಕ್ಕೆ ಹೋದ ದಿನ ಹಾಕಿದ ಸಾಕ್ಸಿನ ಬಣ್ಣ ಹೇಳ್ತಾಳೆ ಜೋಯ್‌ಸ್ಟನ್! ಹೋಗ್ಲಿ, ಒರಿಜಿನಲ್ ಕ್ಯಾಸೆಟ್ಟು...” ಎನ್ನುತ್ತ ಅಟ್ಟದ ಕಡೆ ನೋಡಿ, ಭಾವನ ಗೋಣಿಚೀಲ ನೆನಪಾಗಿ, ಬಾಯಿ ಮುಚ್ಚಿಕೊಂಡ. ಎಲ್ಲಿ ಉಂಟು ಎಂದು ಲೊರ್ನಾ ಕೇಳಿದಳು. ಹೇಳದೆ ಬೇರೆ ದಾರಿ ಇರಲಿಲ್ಲ.

“ಹಾಗಾದ್ರೆ ನನ್ನ ರೋಸ್ ಎರ್ಮಾಳಿನ ಗದ್ದೆಯಲ್ಲಿ ಗಿಳಿ ಓಡಿಸ್ತಾ ಉಂಟಾ?” ಎಂದಳು ಲೊರ್ನಾ. ಅವಳು ಕುರ್ಚಿಯಲ್ಲಿ ಕುಸಿದು ಕುಳಿತು ನಗಲು ಶುರು ಮಾಡಿದಳು. ಮೊದಲು ಮೂಗಿನಲ್ಲಿ ಸಣ್ಣಗೆ, ಆಮೇಲೆ ತಡೆಯಲಾರದೆ ಮೇಲಕ್ಕೆ ಏರಿ, ಕೊನೆಗೆ ಬಿಕ್ಕಳಿಕೆಯ ಹಾಗೆ ತುಂಡು ತುಂಡಾಗಿ. ಸ್ವರ್ಣಲತಾಳಿಗೆ ಆ ನಗು ಗೊತ್ತಿತ್ತು. ಕತ್ತರಿಸಲಿಕ್ಕೆ ಮನಸ್ಸು ಬಾರದೆ ಕ್ಯಾಸೆಟ್ಟಿನಲ್ಲಿ ಪೂರ್ತಿ ಉಳಿಸಿದ್ದ ನಗು. ಅದನ್ನು ಕೇಳುತ್ತ ಅವಳು ತನ್ನ ಬೆರಳನ್ನು ನೋಡಿಕೊಂಡಳು. ಒಂದು ಬೆರಳಿನ ಕೆಲಸ. ಬೆರಳನ್ನು ಜಾರಿಸಿದಷ್ಟು ಸುಲಭದಲ್ಲಿ ಈ ಹುಡುಗಿಯ ಅಪ್ಪನನ್ನು ಇನ್ನೊಮ್ಮೆ ಇಲ್ಲದ ಹಾಗೆ ಮಾಡಲಿಕ್ಕೆ ತನ್ನಿಂದ ಆಗುತ್ತದೆಯಲ್ಲ!

“ನಗ್ಬೇಡಿ ನಗ್ಬೇಡಿ” ಎಂದ ಜೋಯ್‌ಸ್ಟನ್. ಅವನ ದನಿ ಬದಲಾಗಿತ್ತು. “ಇದು ಕಾಣ್ತಾ ಇಲ್ಲ.”

ಹೊಸ ಬರಹ ತುಂಬಿ ಆದ ಮೇಲೆ ಡಿಸ್ಕಿನ ವಯರನ್ನು ಒಮ್ಮೆ ಕಳಚಿ ಮತ್ತೆ ಹಾಕಬೇಕಂತೆ. ಕಳಚಿ ಹಾಕಿದ್ದ. ಈಗ ಲ್ಯಾಪ್‌ಟಾಪಿಗೆ ಡಿಸ್ಕು ಇದ್ದ ಸುದ್ದಿಯೇ ಇಲ್ಲ. ಮತ್ತೊಮ್ಮೆ ಹಾಕಿದ, ಇಲ್ಲ. ಒಂದು ಹೋದರೆ ಹೋಗಲಿ, ಮೂರು ಸಾಕು, ನಿಜ. ಆದರೆ ಹೊಸ ಬರಹವೇ ಇದನ್ನು ಕೊಂದಿದ್ದರೆ ನಾಲ್ಕನೆಯದಕ್ಕೆ ಅದನ್ನು ತುಂಬುವುದು ಹೇಗೆ? ತುಂಬದಿದ್ದರೆ ಅದರ ಗಂಟೆ ಮುಗಿಯುತ್ತದೆ. ಎರಡು ಹೋದವೋ, ಸಿಪ್ರಿಯನ್ ಪೊರ್ಬುಗಳೂ ಹೋದರು. ಸುಂದರ ಯಾವುದೋ ದೇವರಿಗೆ ಎಂತದ್ದೋ ಹೇಳಿಕೊಳ್ಳತೊಡಗಿದ. ಲೊರ್ನಾ ಶಿಲುಬೆಯ ಗುರುತು ಮಾಡಿಕೊಂಡಳು. ಸ್ವರ್ಣಲತಾಳಿಗೆ ಯಾವ ದೇವರೂ ಬಾಯಿಗೆ ಬರಲಿಲ್ಲ. ಅವಳು ಡಿಸ್ಕನ್ನೇ ನೋಡಿದಳು, ಎಡಿಟಿಂಗಿಗೆ ಕುಳಿತಾಗ ನೋಡುವ ಹಾಗೆ, ಅಂಚಿನಿಂದ ಅಂಚಿಗೆ. “ಜೋಯ್‌ಸ್ಟನ್, ಆ ಹಳದಿ ಎಂತದ್ದು?” ಎಂದಳು.

ಜೋಯ್‌ಸ್ಟನ್ ಡಿಸ್ಕನ್ನು ಬೆಳಕಿಗೆ ಹಿಡಿದ. ವಯರು ಕೂರುವ ಜಾಗದ ಹಲ್ಲುಗಳ ಮೇಲೆ ಒಣಗಿದ ಗಂಧ, ಅದರ ಮೇಲೊಂದು ಚಿಟಿಕೆ ಕುಂಕುಮ; ವಯರು ಕಳಚಿ ಹಾಕಿದಾಗ ಪುಡಿಯಾಗಿ ಅಡ್ಡ ಕೂತಿತ್ತು. ಮೆಲ್ಲ ತಲೆ ಎತ್ತಿ ಸುಂದರನನ್ನು ನೋಡಿದ.

“ಆಯುಧ ಪೂಜೆಗೆ” ಎಂದ ಸುಂದರ. “ಪೆಟ್ಟಿಗೆಗೆ ಮಾತ್ರ ಹಚ್ಚಿದ್ರೆ ಒಳಗಿದ್ದವಕ್ಕೆ ಬೇಜಾರಾಗ್ಲಿಕ್ಕಿಲ್ವಾ? ಎಲ್ಲವನ್ನೂ ತೆಗೆದು ಒಂದೊಂದು ಬೊಟ್ಟು ಇಟ್ಟೆ. ಇದಕ್ಕೆ ಸ್ವಲ್ಪ ಭಕ್ತಿ ಹೆಚ್ಚಾಗಿರ್ಬೇಕು.”

“ಬೊಟ್ಟು ಹಣೆಗೆ ಇಡಿ ಸುಂದರಣ್ಣ, ಹಲ್ಲಿಗೆ ಇಡ್ಬೇಡಿ!” ಎಂದು ಜೋಯ್‌ಸ್ಟನ್ ಚೀಲದಿಂದ ಶಾಲೆಯ ಮಕ್ಕಳ ರಬ್ಬರ್ ತೆಗೆದು ಆ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿದ, ಊದಿದ, ಮತ್ತೆ ಉಜ್ಜಿದ. ವಯರು ಹಾಕಿದ. ಡಿಸ್ಕು ಒಳಗಿಂದ ಟಿಕ್ ಎಂದಿತು, ತಿರುಗುವ ಸದ್ದು ಏರಿತು, ಲ್ಯಾಪ್‌ಟಾಪಿನಲ್ಲಿ ಹೆಸರು ಮೂಡಿತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ನಾಲ್ಕನೆಯದಕ್ಕೆ ವಯರು ಮುಟ್ಟಿಸುವ ಮೊದಲೇ ರಬ್ಬರ್ ಬಂತು. ಕೊನೆಗೆ ಪೆಟ್ಟಿಗೆ ಆನ್ ಮಾಡಿದಾಗ ಹಸಿರು, ಹಸಿರು, ಹಸಿರು, ಸ್ವಲ್ಪ ತಡೆದು, ಅವಳ ಎದೆಯೂ ತಡೆದು, ಇನ್ನೊಂದು ಹಸಿರು.

ಗುಂಯ್ ಎಂಬ ಸದ್ದು ಕೋಣೆಗೆ ವಾಪಸ್ ಬಂತು. ಸ್ವರ್ಣಲತಾ ಯಾರೂ ಹೇಳುವ ಮೊದಲೇ ಕುರ್ಚಿ ಎಳೆದು, ಬೆರಳಿನಿಂದ ತಾನೇ ದಾಟಿ ಹೋಗಿದ್ದ ಆ ಹೆಸರನ್ನು ಒತ್ತಿದಳು.

ಕಾಪುವಿನ ಅಂಗಳ, ಚಪ್ಪರ, ಹೆಂಗಸರ ಹಾಡು. ಸಿಪ್ರಿಯನ್ ಪೊರ್ಬುಗಳು ನೆಟ್ಟಗೆ ನಿಂತು ಬಟ್ಟಲು ಎತ್ತಿದರು. ಲೊರ್ನಾ ಮೂಗು ಉಜ್ಜಿದಳು. ಪರದೆಯ ಒಳಗಿನವಳೂ ಅದೇ ಕ್ಷಣ ಉಜ್ಜಿದಳು. ತೆಂಗಿನ ಹಾಲು ತಲೆಯ ಮೇಲಿಂದ ಇಳಿಯಿತು, ಮದುಮಗಳು ಕಣ್ಣು ಬಿಗಿಯಾಗಿ ಮುಚ್ಚಿದ್ದಳು. “ನೋಡಿ ನನ್ನ ಅವಸ್ಥೆ!” ಎಂದಳು ಲೊರ್ನಾ, ಅಳುತ್ತ ನಗುತ್ತ. “ಹಾಲು ಕಣ್ಣಿಗೆ ಹೋದದ್ದಲ್ಲ. ಆ ಲೈಟು ಮಾರಾಯ್ರೆ! ಅದನ್ನು ಹಿಡಿದವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೆ ಗೊತ್ತುಂಟಾ?”

ಸುಂದರ ಕೆಮ್ಮಿದ. “ನಾನೇ ಹಿಡಿದದ್ದು” ಎಂದಳು ಸ್ವರ್ಣಲತಾ.

ಲೊರ್ನಾ ನಾಲಗೆ ಕಚ್ಚಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಪೊರ್ಬುಗಳು ಇತ್ತ ತಿರುಗಿದರು. ಬೆಳಕಿಗೆ ಕಣ್ಣು ಕಿರಿದು ಮಾಡಿ, ನೇರ ಸ್ವರ್ಣಲತಾಳನ್ನೇ ನೋಡಿ, “ಬಾಯೆ, ಮಗಳೇ, ಎಷ್ಟು ಹೊತ್ತು ಆ ಸೂರ್ಯನನ್ನು ಹೊತ್ತು ನಿಲ್ತೀ? ಕೆಳಗಿಡು. ನೀನೂ ಬಂದು ಎರಡು ಹನಿ ಹಾಕು” ಎಂದರು. ಕ್ಯಾಮೆರಾದ ಹಿಂದಿನಿಂದ ಸುಂದರನ ಎಳೆಯ ದನಿ ಬಂತು: “ಬೇಡ ಪೊರ್ಬುಗಳೇ, ಕತ್ತಲೆ ಆಗ್ತದೆ, ರೆಕಾರ್ಡ್ ಆಗುವುದಿಲ್ಲ.” ಅದಕ್ಕೆ ಪೊರ್ಬುಗಳು, “ಆಗದಿದ್ರೆ ಬೇಡ.” ಲೈಟು ತೂಗಿತು, ಚಪ್ಪರದ ನೆರಳುಗಳು ಒಮ್ಮೆ ಓಡಿದವು, ಆಮೇಲೆ ಪರದೆ ಪೂರಾ ಕಪ್ಪಾಯಿತು.

ಈ ತುಂಡನ್ನು ಅವಳೇ ಕತ್ತರಿಸಿದ್ದಳು. ಚಿತ್ರ ಇಲ್ಲದ ಕತ್ತಲೆಯನ್ನು ಗಿರಾಕಿಗೆ ಹೇಗೆ ಕೊಡುವುದೆಂದು. ಪೆಟ್ಟಿಗೆಗೆ ಇಳಿಸಿದ್ದು ಕತ್ತರಿಸುವ ಮೊದಲಿನ ಕ್ಯಾಸೆಟ್ಟು. ಲೊರ್ನಾ ಅದನ್ನು ಎಂದೂ ನೋಡಿರಲಿಲ್ಲ. ಕತ್ತಲೆಯೊಳಗೆ ಬಳೆಯ ಸದ್ದು, ಹನಿ ಬೀಳುವ ಸದ್ದು, ನಾಚಿದ ಒಂದು ಹೆಣ್ಣು ದನಿ “ಒಳ್ಳೆದಾಗ್ಲಿ” ಎಂದದ್ದು, ಪೊರ್ಬುಗಳು “ಹಾಗೆ! ಇವಳೂ ನಮ್ಮವಳೇ” ಎಂದು ನಕ್ಕದ್ದು, ಎಲ್ಲ ಕೇಳಿಸಿತು.

ಲೊರ್ನಾ ಕಪ್ಪು ಪರದೆಯ ಕಡೆಗೆ ಬಾಗಿದಳು. “ಆ ದಿನ ಎಲ್ಲರ ಕೈ ತಣ್ಣಗಿತ್ತು” ಎಂದಳು ಮೆಲ್ಲಗೆ. “ಹಾಲಿನಲ್ಲಿ ಅದ್ದಿದ ಕೈ ಅಲ್ವಾ? ನಾನು ಕಣ್ಣು ಬಿಟ್ಟಿರ್ಲಿಲ್ಲ, ಕಿವಿಗೆ ಹಾಲು ಇಳಿದು ಎಂತದ್ದೂ ಕೇಳಿರ್ಲಿಲ್ಲ. ಒಂದು ಕೈ ಮಾತ್ರ ಬಿಸಿ ಇತ್ತು. ರೊಟ್ಟಿ ಸುಟ್ಟು ಬಂದವರ ಹಾಗೆ. ಯಾರದ್ದಿರ್ಬಹುದೂಂತ ಡೆನಿಸನ ಹತ್ರ ಎಷ್ಟು ಸಲ ಹೇಳಿದ್ದೇನೆ. ಅಮ್ಮನ ಹತ್ರ ಕೇಳಿದೆ, ಅತ್ತೆಯರ ಹತ್ರ ಕೇಳಿದೆ, ಯಾರೂ ನನ್ನದೂಂತ ಹೇಳ್ಲಿಲ್ಲ.”

“ಲೈಟಿನ ಹಿಡಿ ಕಾಯ್ತಿತ್ತು” ಎಂದಳು ಸ್ವರ್ಣಲತಾ. “ಬಟ್ಟೆ ಸುತ್ತಿದ್ರೂ ಕಾಯ್ತಿತ್ತು.”

ಲೊರ್ನಾ ಮೌಸಿನ ಮೇಲಿದ್ದ ಅವಳ ಕೈಯನ್ನು ಎತ್ತಿ ತನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡಳು. ಆ ಕೈ ಈಗ ಬೆವರಿ ತಣ್ಣಗಾಗಿತ್ತು. ಅದನ್ನು ಹೇಳಬೇಕೆಂದು ಸ್ವರ್ಣಲತಾ ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯೊಳಗೆ ಯಾರೋ ಲೈಟನ್ನು ಮತ್ತೆ ಮೇಲೆತ್ತಿದರು, ಅಂಗಳ ಝಗ್ಗನೆ ಬೆಳಗಿತು, ಮದುಮಗಳು ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಕಿವುಚಿದಳು. ಈಚೆ ಕುಳಿತ ಲೊರ್ನಾ ಕೂಡ ಹಿಡಿದ ಕೈ ಬಿಡದೆ, ಹಾಗೆಯೇ ಕಣ್ಣು ಮುಚ್ಚಿದಳು.